ಸೇರಿಸಿದ ಪಾದರಸದಲ್ಲಿ ಅರ್ಧ ಎಲ್ಲಿ ಹೋಗುತ್ತದೆ?

ತ್ಯಾಜ್ಯದ ಕೆಸರಿಗೆ ಅಳತೆ ಮಾಡಿ ಸೇರಿಸಿದ ಪಾದರಸದಲ್ಲಿ ಪರೀಕ್ಷೆಯ ಕೊನೆಗೆ ಅರ್ಧವಷ್ಟೇ ವಾಪಸ್ ಸಿಗುತ್ತಿದೆ, ಚಿಮಣಿಯ ಹೊಗೆಯ ಸ್ಯಾಂಪಲ್ ಒಂದೊಂದು ಸಲ ಒಂದೊಂದು ಸಂಖ್ಯೆ ಕೊಡುತ್ತಿದೆ, ಪಾದರಸದ ಆವಿ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಉಪಕರಣ ಬದಲಿಸಬೇಕೇ ಎಂದು ಕೇಳಿದ್ದೀರಿ. ಸ್ಟ್ಯಾಂಡರ್ಡ್‌ಗಳು (ಪಾದರಸ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣಗಳು) ಸರಳ ರೇಖೆಯಲ್ಲಿ ಬರುತ್ತಿವೆ ಅಂದಮೇಲೆ ಉಪಕರಣವನ್ನು ಸದ್ಯಕ್ಕೆ ಮುಟ್ಟಬೇಡಿ. ಪಾದರಸ ಅಲ್ಲಿಗೆ ಬರುವ ಮೊದಲೇ ಸೋರಿಹೋಗುತ್ತಿರಬಹುದು.

ಮೊದಲು ಓವನ್ ನೋಡಿ. ಕೆಸರನ್ನು 105 ಡಿಗ್ರಿಯಲ್ಲಿ ಒಣಗಿಸಿ ಅದನ್ನೇ ತೂಗುತ್ತಿದ್ದರೆ ಪಾದರಸ ಅಲ್ಲೇ ಹಾರಿಹೋಗುತ್ತದೆ. ಹಸಿಯಾಗಿಯೇ ತೂಗಿ. ತೇವಾಂಶಕ್ಕೆ ಬೇರೆ ತುಣುಕು ಒಣಗಿಸಿ, ಲೆಕ್ಕದಲ್ಲಿ ತಿದ್ದಿ. ಸ್ಯಾಂಪಲ್ ಇಡಲು ಗಾಜು ಅಥವಾ ಟೆಫ್ಲಾನ್ ಬಾಟಲಿ ಇರಲಿ. ಪಾಲಿಥೀನ್ ಗೋಡೆಯ ಮೂಲಕ ಪಾದರಸದ ಆವಿ ಒಳಗೂ ಹೊರಗೂ ಓಡಾಡುತ್ತದೆ.

ಡೈಜೆಷನ್‌ಗೆ, ಅಂದರೆ ಕೆಸರನ್ನು ಆಮ್ಲದಲ್ಲಿ ಕಾಯಿಸಿ ಪಾದರಸ ಬಿಡಿಸುವುದಕ್ಕೆ, 0.5 ಗ್ರಾಂ ಸಾಕು. ಅದಕ್ಕೆ 5 ಮಿ.ಲೀ. ನೀರು, 5 ಮಿ.ಲೀ. ಅಕ್ವಾ ರೀಜಿಯಾ (ಹೈಡ್ರೋಕ್ಲೋರಿಕ್, ನೈಟ್ರಿಕ್ ಆಮ್ಲಗಳ ಮಿಶ್ರಣ) ಹಾಕಿ 95 ಡಿಗ್ರಿಯ ನೀರಿನಲ್ಲಿ 2 ನಿಮಿಷ ಇಡಿ. ತಣಿದ ಮೇಲೆ 50 ಮಿ.ಲೀ. ನೀರು, 15 ಮಿ.ಲೀ. 5% ಪರ್ಮ್ಯಾಂಗನೇಟ್ ಸೇರಿಸಿ ಮತ್ತೆ 30 ನಿಮಿಷ. ಇಲ್ಲಿ ಕಣ್ಣು ಬಣ್ಣದ ಮೇಲಿರಲಿ. ನೇರಳೆ ಮಾಸಿ ಕಂದು ತಿರುಗಿದರೆ ಕೆಸರಿನ ಸಾವಯವ ಅಂಶ ಪರ್ಮ್ಯಾಂಗನೇಟನ್ನು ತಿಂದುಹಾಕಿದೆ ಎಂದರ್ಥ. ಸಾವಯವ ಪಾದರಸ ಒಡೆಯದೆ ಉಳಿಯುತ್ತದೆ, ಬಿಡುಗಡೆಯಾದದ್ದು ಆವಿಯಾಗಿಯೂ ಹೋಗಬಹುದು. ನೇರಳೆ ನಿಲ್ಲುವವರೆಗೆ ಇನ್ನಷ್ಟು ಹಾಕಿ, ಬ್ಲಾಂಕ್‌ಗೂ (ಕೆಸರಿಲ್ಲದೆ ಅದೇ ರಾಸಾಯನಿಕಗಳನ್ನು ಹಾಕಿದ ಫ್ಲಾಸ್ಕ್) ಅಷ್ಟೇ ಹಾಕಿ. ನಿಮ್ಮ ಅರ್ಧ ಪಾದರಸದ ಮೇಲೆ ನನ್ನ ಮೊದಲ ಅನುಮಾನ ಇಲ್ಲೇ.

ಕೊನೆಗೆ ಹೈಡ್ರಾಕ್ಸಿಲಮೈನ್ ಹಾಕಿ ಬಣ್ಣ ತೆಗೆದ ಮೇಲೆ ಫ್ಲಾಸ್ಕಿನ ಮೇಲ್ಭಾಗದ ಗಾಳಿಯನ್ನು ಊದಿ ಹೊರಹಾಕಿ. ಆಮೇಲಷ್ಟೇ ಪಾದರಸವನ್ನು ಆವಿಯಾಗಿ ಹೊರಡಿಸುವ ಸ್ಟ್ಯಾನಸ್ ಕ್ಲೋರೈಡ್. ಉಪ್ಪಿನಂಶ ಹೆಚ್ಚಿರುವ ತ್ಯಾಜ್ಯದಲ್ಲಿ ಹುಟ್ಟುವ ಕ್ಲೋರಿನ್ ಕೂಡ ಉಪಕರಣ ಪಾದರಸಕ್ಕೆ ಬಳಸುವ 253.7 ನ್ಯಾನೋಮೀಟರ್ ಬೆಳಕನ್ನು ಹೀರಿಕೊಂಡು ಸುಳ್ಳು ಪಾದರಸ ತೋರಿಸುತ್ತದೆ. ಅನುಮಾನ ಬಂದರೆ ಸ್ಟ್ಯಾನಸ್ ಕ್ಲೋರೈಡ್ ಹಾಕದೆಯೇ ಒಮ್ಮೆ ಓಡಿಸಿ. ಆಗಲೂ ಪೀಕ್ ಬಂದರೆ ಅದು ಪಾದರಸದ್ದಲ್ಲ.

ಚಿಮಣಿಯಲ್ಲೂ ನೇರಳೆ ಬಣ್ಣವೇ ಸಾಕ್ಷಿ. ಹೊಗೆಯನ್ನು ಸಾಲಾಗಿ ಇಟ್ಟ ಇಂಪಿಂಜರ್‌ಗಳ (ಅನಿಲವನ್ನು ದ್ರಾವಣದೊಳಗೆ ಗುಳ್ಳೆಯಾಗಿ ಹಾಯಿಸುವ ಗಾಜಿನ ಬಾಟಲಿಗಳು) ಮೂಲಕ ಎಳೆಯುತ್ತೀರಿ. ಅವುಗಳಲ್ಲಿ ಮೊದಲು ಬರುವ ನೈಟ್ರಿಕ್–ಪೆರಾಕ್ಸೈಡ್ ಇಂಪಿಂಜರ್‌ಗಳನ್ನು ದಾಟಿ ಬರುವ ಧಾತುರೂಪದ ಪಾದರಸವನ್ನು ಹಿಡಿಯುವುದು 4% ಪರ್ಮ್ಯಾಂಗನೇಟ್, 10% ಸಲ್ಫ್ಯೂರಿಕ್ ಆಮ್ಲದ ದ್ರಾವಣ. ಸಲ್ಫರ್ ಡೈಆಕ್ಸೈಡ್ ಹೆಚ್ಚಿದ್ದರೆ ಪೆರಾಕ್ಸೈಡ್ ಮುಗಿದು, ಪರ್ಮ್ಯಾಂಗನೇಟಿನ ಬಣ್ಣವೂ ಅರ್ಧದಲ್ಲೇ ಹೋಗುತ್ತದೆ. ಕೊನೆಯ ಪರ್ಮ್ಯಾಂಗನೇಟ್ ಇಂಪಿಂಜರ್ ಬಿಳಿಚಿದ ಸ್ಯಾಂಪಲನ್ನು ನಾನಂತೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ದ್ರಾವಣ ಸುರಿದ ಮೇಲೂ ಗಾಜಿಗೆ ಕಂದು ಕಲೆ ಅಂಟಿರುತ್ತದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್, ಪಾದರಸ ಅದರಲ್ಲೂ ಕೂತಿರುತ್ತದೆ. ಮೊದಲು ಪರ್ಮ್ಯಾಂಗನೇಟ್, ನೀರಿನಿಂದ ತೊಳೆದು, ಬಳಿಕ 25 ಮಿ.ಲೀ. 8 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಿಂದ ಕಲೆ ಬಿಡಿಸಿ, 200 ಮಿ.ಲೀ. ನೀರಿರುವ ಬೇರೆ ಬಾಟಲಿಗೆ ಹಾಕಿ. ಎರಡನ್ನೂ ಬೆರೆಸಬೇಡಿ, ಕ್ಲೋರಿನ್ ಏಳುತ್ತದೆ. ಪರ್ಮ್ಯಾಂಗನೇಟ್ ಬಾಟಲಿಯ ಮುಚ್ಚಳವನ್ನು ಗಾಳಿಯಾಡದಂತೆ ಬಿಗಿಯಲೂಬೇಡಿ, ಒಳಗೆ ಒತ್ತಡ ಏರಿ ಬಾಟಲಿ ಒಡೆಯಬಹುದು.

ನಾಳೆಯೇ ಮಾಡಬಹುದಾದ ಪರೀಕ್ಷೆ ಇದು: ಒಂದೇ ಕೆಸರಿನ ಎರಡು ಭಾಗ ತೆಗೆದುಕೊಂಡು ಒಂದಕ್ಕೆ ಡೈಜೆಷನ್‌ಗೆ ಮೊದಲು, ಇನ್ನೊಂದಕ್ಕೆ ಆದಮೇಲೆ ಅಷ್ಟೇ ಪಾದರಸ ಸೇರಿಸಿ. ಎರಡನೆಯದು ಪೂರ್ತಿ ಸಿಕ್ಕಿ ಮೊದಲನೆಯದು ಅರ್ಧ ಬಂದರೆ ನಷ್ಟ ಡೈಜೆಷನ್‌ನಲ್ಲಿ. ಎರಡೂ ಅರ್ಧ ಬಂದರೆ ಸ್ಟ್ಯಾನಸ್ ಕ್ಲೋರೈಡ್ ಹಳತಾಗಿದೆಯೇ, ಆವಿ ಸಾಗುವ ಕೊಳವೆಯಲ್ಲಿ ಸೋರಿಕೆ ಅಥವಾ ನೀರಿನ ಹನಿ ಇದೆಯೇ ನೋಡಿ.