ಹಳೆಯ ದುಬಾರಿ ಪ್ರೊಸೆಸರೋ, ಹೊಸ ಮಧ್ಯಮ ದರ್ಜೆಯದೋ?

ಹದಿನೈದು ವರ್ಷಗಳ ಹಿಂದೆ ಅತ್ಯುತ್ತಮವೆನಿಸಿಕೊಂಡಿದ್ದ ಹೋಮ್ ಥಿಯೇಟರ್ ಪ್ರೊಸೆಸರ್ (ಸಿನಿಮಾದ ಸದ್ದನ್ನು ಬಿಚ್ಚಿ ಆಂಪ್ಲಿಫೈಯರ್‌ಗಳಿಗೆ ಹಂಚುವ ಯಂತ್ರ) ಒಂದು ನಿಮ್ಮ ಪರಿಚಿತರ ಬಳಿ ಅಗ್ಗವಾಗಿ ಸಿಗುತ್ತಿದೆ, ಅಷ್ಟೇ ಹಣಕ್ಕೆ ಈಗಿನ ಮಧ್ಯಮ ದರ್ಜೆಯ ಹೊಸದೊಂದೂ ಬರುತ್ತದೆ, ಯಾವುದನ್ನು ಆರಿಸಲಿ ಎಂದು ಕೇಳಿದ್ದೀರಿ. ಪವರ್ ಆಂಪ್ಲಿಫೈಯರ್‌ಗಳು, ಏಳು ಸ್ಪೀಕರ್‌ಗಳು ಮತ್ತು ಒಂದು ಸಬ್‌ವೂಫರ್ ಈಗಾಗಲೇ ಇವೆ, ಕೋಣೆ ಐದು ಮೀಟರ್ ಉದ್ದವಿದೆ ಎಂದೂ ಬರೆದಿದ್ದೀರಿ. ಸಿನಿಮಾ ನೋಡುವುದೇ ಮುಖ್ಯವಾದರೆ ಹೊಸದನ್ನು ಕೊಳ್ಳಿ ಎಂಬುದು ನನ್ನ ಉತ್ತರ. ಹಳೆಯದರ ಮೇಲಿನ ತಾತ್ಸಾರದಿಂದ ಈ ಮಾತು ಹೇಳುತ್ತಿಲ್ಲ. ಅಂಥದೇ ಒಂದು ಯಂತ್ರವನ್ನು ಏಳು ವರ್ಷ ಮೆಚ್ಚಿಕೊಂಡು ಬಳಸಿದವನು ನಾನು.

ಆ ಕಾಲದ ದುಬಾರಿ ಪ್ರೊಸೆಸರ್‌ಗಳಲ್ಲಿ ಹಣ ಎಲ್ಲಿಗೆ ಹೋಗುತ್ತಿತ್ತು ಎಂಬುದು ಮುಚ್ಚಳ ತೆಗೆದರೆ ಕಾಣುತ್ತದೆ: ದೊಡ್ಡ ಟ್ರಾನ್ಸ್‌ಫಾರ್ಮರ್, ಅನಲಾಗ್ ಭಾಗಕ್ಕೂ ಡಿಜಿಟಲ್ ಭಾಗಕ್ಕೂ ಬೇರೆಬೇರೆ ವಿದ್ಯುತ್ ಪೂರೈಕೆ, ಪ್ರತಿ ಚಾನೆಲ್‌ಗೂ ಹೊರಗಿನ ಗದ್ದಲ ಸೇರದಂತೆ ಸಂಕೇತ ಸಾಗಿಸುವ ಎಕ್ಸ್‌ಎಲ್‌ಆರ್ ಔಟ್‌ಪುಟ್, ಅಲುಗಾಡದ ದಪ್ಪ ಲೋಹದ ಪೆಟ್ಟಿಗೆ. ಕೆಲವುಗಳಲ್ಲಿ ಇಂದಿಗೂ ಸುಲಭವಾಗಿ ಸಿಗದ ಜಾಣ್ಮೆಯೂ ಇತ್ತು. ಲೆಕ್ಸಿಕಾನ್ ಎಂಸಿ-12 ಪ್ರೊಸೆಸರ್‌ನಲ್ಲಿದ್ದ, ಡೇವಿಡ್ ಗ್ರೀಸಿಂಗರ್ ರೂಪಿಸಿದ ಲಾಜಿಕ್ 7 ಎರಡು ಚಾನೆಲ್‌ಗಳ ಸಂಗೀತವನ್ನು ಏಳು ಸ್ಪೀಕರ್‌ಗಳಿಗೆ ಹರಡುತ್ತಿದ್ದ ರೀತಿಗೆ ಮನಸೋತವರು ಈಗಲೂ ಅದನ್ನು ಬಿಟ್ಟುಕೊಡುವುದಿಲ್ಲ. ಅವರನ್ನು ತಪ್ಪೆನ್ನಲಾರೆ.

ಆದರೆ ಡಿಜಿಟಲ್ ಸಂಕೇತವನ್ನು ಅನಲಾಗ್ ಆಗಿಸುವ ಕೆಲಸದಲ್ಲಿ ಹಳೆಯದಕ್ಕಿದ್ದ ಮೇಲುಗೈ ಬಹುಮಟ್ಟಿಗೆ ಕರಗಿಹೋಗಿದೆ. ಅಂದು ದುಬಾರಿ ಬಿಡಿಭಾಗಗಳಿಂದ ಮಾತ್ರ ಸಾಧ್ಯವಿದ್ದ ನಿಶ್ಶಬ್ದತೆ ಇಂದು ಸಾಧಾರಣ ಚಿಪ್‌ಗಳಲ್ಲೇ ಸಿಗುತ್ತದೆ. ನನ್ನ ಹಳೆಯ ಪ್ರೊಸೆಸರ್ ಮತ್ತು ಹೊಸದನ್ನು ಒಂದೇ ಆಂಪ್ಲಿಫೈಯರ್‌ಗೆ ಸ್ವಿಚ್ ಪೆಟ್ಟಿಗೆಯ ಮೂಲಕ ಜೋಡಿಸಿ, ಹೊಸದರ ರೂಮ್ ಕರೆಕ್ಷನ್ (ಕೋಣೆಯಿಂದಾಗುವ ಏರುಪೇರನ್ನು ಮೈಕ್‌ನಿಂದ ಅಳೆದು ಸರಿಪಡಿಸುವ ವ್ಯವಸ್ಥೆ) ನಿಲ್ಲಿಸಿ, ಮನೆಯವರನ್ನೆಲ್ಲ ಕೂರಿಸಿ ಕೇಳಿಸಿದೆ. ಹಳೆಯದರ ದನಿ ತುಂಬಿಕೊಂಡಂತಿದೆ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು, ನಾನೂ ಹಾಗೆಯೇ ಅಂದುಕೊಂಡೆ. ಆಮೇಲೆ ಪರೀಕ್ಷಾ ಸದ್ದು ಹಾಕಿ ಅಳೆದಾಗ ಹಳೆಯದು ಸುಮಾರು 1 ಡೆಸಿಬಲ್ ಜೋರಾಗಿತ್ತು, ಅಷ್ಟೇ. ಎರಡನ್ನೂ ಸಮ ಮಾಡಿ, ಸ್ವಿಚ್ಚನ್ನು ಅಳಿಯನ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಇಪ್ಪತ್ತು ಸಲ ಕೇಳಿದಾಗ ನಾನು ಸರಿಯಾಗಿ ಗುರುತಿಸಿದ್ದು ಹನ್ನೊಂದು ಸಲ. ನಾಣ್ಯ ಚಿಮ್ಮಿದ್ದರೂ ಹೆಚ್ಚುಕಡಿಮೆ ಅದೇ ಫಲ ಬರುತ್ತಿತ್ತು.

ಹಾಗಾದರೆ ವ್ಯತ್ಯಾಸ ಇರುವುದೆಲ್ಲಿ? ಮೊದಲನೆಯದಾಗಿ, ಸದ್ದು ಪ್ರೊಸೆಸರ್‌ನ ಒಳಗೆ ಬರುವ ದಾರಿಯಲ್ಲಿ. ಬ್ಲೂ-ರೇ ಡಿಸ್ಕುಗಳಲ್ಲಿ ಸದ್ದನ್ನು ಏನೂ ಕಳೆಯದೆ ಸಂಕೋಚಿಸಿಡುವ ಡಾಲ್ಬಿ ಟ್ರೂಎಚ್‌ಡಿ ಮತ್ತು ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೊ ಪ್ಲೇಯರ್‌ನಿಂದ ಬಿಚ್ಚದೆ ಹಾಗೆಯೇ ಪ್ರೊಸೆಸರ್‌ಗೆ ಸಾಗಲು ಅವಕಾಶವಾದದ್ದು ಚಿತ್ರವನ್ನೂ ಸದ್ದನ್ನೂ ಒಂದೇ ಕೇಬಲ್‌ನಲ್ಲಿ ಸಾಗಿಸುವ ಎಚ್‌ಡಿಎಂಐನ 2006ರ ಆವೃತ್ತಿ 1.3ರಿಂದ. ಟಿವಿಯಿಂದ ಸದ್ದನ್ನು ಹಿಂದಕ್ಕೆ ಕಳಿಸುವ ಎಆರ್‌ಸಿ ಬಂದದ್ದು 2009ರ 1.4ರಲ್ಲಿ, ಸೆಕೆಂಡಿಗೆ 60 ಚೌಕಟ್ಟುಗಳ 4ಕೆ ಚಿತ್ರ 2013ರ 2.0ರಲ್ಲಿ, ಸಂಕೋಚನದಲ್ಲಿ ಏನನ್ನೂ ಕಳೆದುಕೊಳ್ಳದ ಬಹುಚಾನೆಲ್ ಸದ್ದನ್ನು ಟಿವಿಯಿಂದಲೇ ಮರಳಿ ತರುವ ಇಎಆರ್‌ಸಿ 2017ರ 2.1ರಲ್ಲಿ. ನಿಮ್ಮ ಪರಿಚಿತರ ಯಂತ್ರದಲ್ಲಿ ಎಚ್‌ಡಿಎಂಐ ಇಲ್ಲವೇ ಇಲ್ಲವೆಂದಾದರೆ ಡಿಜಿಟಲ್ ಸದ್ದಿಗೆ ಆಪ್ಟಿಕಲ್ ಅಥವಾ ಕೋಆಕ್ಸಿಯಲ್ ಕೇಬಲ್ ಮಾತ್ರ ಉಳಿಯುತ್ತದೆ. ಅದರಲ್ಲಿ ಎರಡು ಚಾನೆಲ್‌ಗಳ ಪಿಸಿಎಂ (ಸಂಕೋಚಿಸದ ಡಿಜಿಟಲ್ ಸದ್ದು) ಅಥವಾ ಸಂಕೋಚಿಸಿದ 5.1 (ಐದು ಸ್ಪೀಕರ್, ಒಂದು ಸಬ್‌ವೂಫರ್) ಮಾತ್ರ ಸಾಗುತ್ತದೆ. ಡಾಲ್ಬಿ ಡಿಜಿಟಲ್ ಸೆಕೆಂಡಿಗೆ ಹೆಚ್ಚೆಂದರೆ 640 ಕಿಲೊಬಿಟ್, ಬ್ಲೂ-ರೇ ಡಿಸ್ಕಿನ ಟ್ರೂಎಚ್‌ಡಿ 18 ಮೆಗಾಬಿಟ್‌ವರೆಗೂ ಹೋಗಬಲ್ಲದು ಎಂಬುದನ್ನು ನೆನೆದರೆ, ಭಾರವಾದ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಒಳಬಾಗಿಲಲ್ಲೇ ಸದ್ದನ್ನು ಸೋಸಿಬಿಟ್ಟಂತಾಯಿತು.

ಎಚ್‌ಡಿಎಂಐ ಇದ್ದು ಹಳೆಯ ಪೀಳಿಗೆಯದಾದರೆ ತೊಡಕು ಚಿತ್ರದ್ದು. 4ಕೆ ಡಿಸ್ಕುಗಳು ನಕಲು ತಡೆಯುವ ಎಚ್‌ಡಿಸಿಪಿ 2.2 ರಕ್ಷಣೆಯನ್ನು ಕೇಳುತ್ತವೆ, ನಡುವೆ ಕುಳಿತ ಹಳೆಯ ಪೆಟ್ಟಿಗೆಗೆ ಅದು ತಿಳಿಯದು, ಹೀಗಾಗಿ ಪರದೆ ಕಪ್ಪಾಗುತ್ತದೆ ಅಥವಾ ಚಿತ್ರದ ಗುಣಮಟ್ಟ ಇಳಿಯುತ್ತದೆ. ಎರಡು ಎಚ್‌ಡಿಎಂಐ ಔಟ್‌ಪುಟ್‌ಗಳಿರುವ ಡಿಸ್ಕ್ ಪ್ಲೇಯರ್ ಇದ್ದರೆ ಚಿತ್ರವನ್ನು ನೇರವಾಗಿ ಟಿವಿಗೂ ಸದ್ದನ್ನು ಮಾತ್ರ ಪ್ರೊಸೆಸರ್‌ಗೂ ಕಳಿಸಿ ಇದನ್ನು ದಾಟಬಹುದು. ನಾನೂ ಹಾಗೆ ಮಾಡುತ್ತಿದ್ದೆ. ಟಿವಿಯೊಳಗಿನ ಆಪ್‌ಗಳ ಸದ್ದಿಗೆ ಈ ಉಪಾಯ ನಡೆಯುವುದಿಲ್ಲ. ಆಪ್ಪೊ ಯುಡಿಪಿ-205ರಂತೆ ತಾನೇ ಎಲ್ಲವನ್ನೂ ಬಿಚ್ಚಿ 7.1 ಅನಲಾಗ್ ಕೊಡುವ ಪ್ಲೇಯರ್‌ಗಳೂ ಇದ್ದವು. ಆ ಕಂಪನಿ 2018ರಲ್ಲಿ ಪ್ಲೇಯರ್ ತಯಾರಿಕೆಯನ್ನೇ ನಿಲ್ಲಿಸಿತು. ಅದೂ ಅಲ್ಲದೆ ಅನಲಾಗ್ ಆಗಿ ಒಳಬಂದ ಬಹುಚಾನೆಲ್ ಸದ್ದಿಗೆ ಅನೇಕ ಹಳೆಯ ಪ್ರೊಸೆಸರ್‌ಗಳು ವಾಲ್ಯೂಮ್ ಬಿಟ್ಟು ಬೇರೇನನ್ನೂ ಅನ್ವಯಿಸುವುದಿಲ್ಲ.

ಮೇಲಿನಿಂದಲೂ ಸದ್ದು ಕೇಳಿಸುವಂತೆ ಮಾಡುವ ಡಾಲ್ಬಿ ಅಟ್ಮಾಸ್ ಬಗ್ಗೆ ಒಂದು ಮಾತು. ಮನೆಗಳಿಗೆ ಅದು 2014ರಲ್ಲಿ ಬಂತು, ಅದೇ ಬಗೆಯ ಡಿಟಿಎಸ್:ಎಕ್ಸ್ 2015ರಲ್ಲಿ. ಟ್ರೂಎಚ್‌ಡಿ ಬಿಚ್ಚಬಲ್ಲ ಹಳೆಯ ಪ್ರೊಸೆಸರ್‌ಗೆ ಇವು ಅರ್ಥವಾಗದಿದ್ದರೂ ಡಿಸ್ಕಿನ ಅಟ್ಮಾಸ್ ಒಳಗಿರುವ 7.1 ಟ್ರೂಎಚ್‌ಡಿಯನ್ನು ಅದು ನುಡಿಸುತ್ತದೆ, ಮೇಲಿನಿಂದ ಬರಬೇಕಾದ ಸದ್ದು ಕೆಳಗಿನ ಸ್ಪೀಕರ್‌ಗಳಲ್ಲಿ ಸೇರಿಕೊಂಡಿರುತ್ತದೆ. ಚಾವಣಿಯಲ್ಲಿ ಸ್ಪೀಕರ್ ಹಾಕುವ ಯೋಚನೆ ನಿಮಗೆ ಇಲ್ಲದಿದ್ದರೆ ಅಟ್ಮಾಸ್ ಒಂದಕ್ಕಾಗಿ ಹೊಸದರ ಹಿಂದೆ ಹೋಗಬೇಕಿಲ್ಲ.

ನನ್ನ ಮಟ್ಟಿಗೆ ನಿರ್ಧಾರ ಮಾಡಿಸಿದ್ದು ತಗ್ಗು ಸ್ವರಗಳು. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್; ಅದನ್ನು ಕೋಣೆಯ ಉದ್ದದ ಎರಡರಷ್ಟರಿಂದ, ಅಂದರೆ ನಿಮ್ಮ ಲೆಕ್ಕದಲ್ಲಿ 10ರಿಂದ ಭಾಗಿಸಿದರೆ 34 ಹರ್ಟ್ಸ್ ಬರುತ್ತದೆ. ಆ ಸ್ವರ ಎದುರುಬದುರು ಗೋಡೆಗಳ ನಡುವೆ ತನ್ನನ್ನು ತಾನೇ ಬಲಪಡಿಸಿಕೊಳ್ಳುತ್ತದೆ. ನನ್ನ ಕೋಣೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ, ಸೋಫಾ ಹಿಂಬದಿಯ ಗೋಡೆಗೆ ಒರಗಿದೆ. ಕೂರುವ ಜಾಗದಲ್ಲಿ ಮೈಕ್ ಇಟ್ಟು ಅಳೆದರೆ ಆ ಆವರ್ತನ ಸುತ್ತಲಿನದಕ್ಕಿಂತ 11 ಡೆಸಿಬಲ್ ಮೇಲಿತ್ತು. ಸಿನಿಮಾದಲ್ಲಿ ಬಾಗಿಲು ಬಡಿದರೂ ಗುಡುಗಿದರೂ ಕೇಳಿಸುತ್ತಿದ್ದುದು ಒಂದೇ ಬಗೆಯ ‘ಢುಂ’. ಹಳೆಯ ಪ್ರೊಸೆಸರ್‌ನಲ್ಲಿ ಸ್ಪೀಕರ್‌ಗಳ ದೂರ ಮತ್ತು ಮಟ್ಟ ತುಂಬುವುದರಾಚೆಗೆ ಮಾಡಬಹುದಾದದ್ದು ಏನೂ ಇರಲಿಲ್ಲ. ಹೊಸದರಲ್ಲಿ ರೂಮ್ ಕರೆಕ್ಷನ್ ನಡೆಸಿದ ಮೇಲೆ ಆ ಏರು 3 ಡೆಸಿಬಲ್‌ಗೆ ಇಳಿಯಿತು, ಗುಡುಗು ಗುಡುಗಾಯಿತು. ಆಡಿಸ್ಸಿಯ ಎಕ್ಸ್‌ಟಿ32, ಡಿರಾಕ್ ಲೈವ್, ಆಂಥಮ್ ಕಂಪನಿಯ ಎಆರ್‌ಸಿ (ಟಿವಿಯ ಎಆರ್‌ಸಿ ಬೇರೆ) ಎಂಬ ರೂಮ್ ಕರೆಕ್ಷನ್ ತಂತ್ರಾಂಶಗಳಲ್ಲಿ ಯಾವುದಿದ್ದರೂ ಈ ಕೆಲಸ ಆಗುತ್ತದೆ. ಡಿರಾಕ್‌ಗೆ ಕೆಲವು ತಯಾರಕರು ಪ್ರತ್ಯೇಕವಾಗಿ ಹಣ ಕೇಳುತ್ತಾರೆ, ಅದನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಏರನ್ನು ಇಳಿಸಬಹುದೇ ಹೊರತು, ಅಲೆಗಳು ಪರಸ್ಪರ ಕಳೆದುಹೋಗಿ ಉಂಟಾದ ತಗ್ಗನ್ನು ಯಾವ ತಂತ್ರಾಂಶವೂ ಸುಲಭವಾಗಿ ತುಂಬಲಾರದು. ಅದಕ್ಕೆ ಸಬ್‌ವೂಫರ್‌ನ ಜಾಗ ಬದಲಿಸಬೇಕು ಅಥವಾ ಎರಡನೆಯದನ್ನು ತರಬೇಕು.

ಇನ್ನು ವಯಸ್ಸಿನ ವಿಷಯ. ಏಳನೆಯ ವರ್ಷದಲ್ಲಿ ನನ್ನ ಯಂತ್ರದ ಎಚ್‌ಡಿಎಂಐ ಬೋರ್ಡ್ ಕೆಟ್ಟಿತು. ಮೊದಲು ಚಿತ್ರ ಮಿಣುಕಿತು, ಆಮೇಲೆ ಸಿನಿಮಾ ನಡೆಯುತ್ತಿದ್ದಂತೆಯೇ ರಿಲೇ ‘ಟಕ್’ ಎಂದು ಸದ್ದು ನಿಲ್ಲತೊಡಗಿತು. ಆ ಬೋರ್ಡ್ ಈಗ ತಯಾರಾಗುವುದಿಲ್ಲ ಎಂದು ರಿಪೇರಿಯವರು ಕೈಚೆಲ್ಲಿದರು. ಅದರ ಅನಲಾಗ್ ಭಾಗ ಮಾತ್ರ ಇಂದಿಗೂ ಗಟ್ಟಿಮುಟ್ಟಾಗಿದೆ, ಹಾಡು ಕೇಳಲು ಪ್ರಿಆಂಪ್ಲಿಫೈಯರ್ ಆಗಿ ದುಡಿಯುತ್ತಿದೆ.

ನೀವು ಮುಖ್ಯವಾಗಿ ಸಂಗೀತ ಕೇಳುವವರಾಗಿ, ಸಿನಿಮಾ ಡಿಸ್ಕಿನಲ್ಲೇ ನೋಡುವವರಾಗಿ, ಪ್ಲೇಯರ್‌ಗೆ ಎರಡು ಎಚ್‌ಡಿಎಂಐ ಔಟ್‌ಪುಟ್ ಇದ್ದು, ತಯಾರಕರು ಈಗಲೂ ಆ ಮಾದರಿಯನ್ನು ರಿಪೇರಿ ಮಾಡಿಕೊಡುತ್ತಾರೆಂದಾದರೆ ಹಳೆಯದು ಒಳ್ಳೆಯ ವ್ಯಾಪಾರವೇ. ಮಾರುವವರು ಪರಿಚಿತರಾದ್ದರಿಂದ ಒಂದು ವಾರದ ಮಟ್ಟಿಗೆ ಕೇಳಿ ತನ್ನಿ. ಎರಡು ಗಂಟೆ ಬಿಸಿಯಾಗಲು ಬಿಟ್ಟು ಪ್ರತಿಯೊಂದು ಎಚ್‌ಡಿಎಂಐ ಕಿಂಡಿಗೂ ಪ್ಲೇಯರ್ ಜೋಡಿಸಿ ನೋಡಿ, ಏನೂ ನುಡಿಸದೆ ವಾಲ್ಯೂಮ್ ಏರಿಸಿ ಒಂದೊಂದೇ ಸ್ಪೀಕರ್‌ಗೆ ಕಿವಿಯಿಟ್ಟು ಗುಂಯ್‌ಗುಟ್ಟುತ್ತದೆಯೇ ಎಂದು ಕೇಳಿ. ಅದರಲ್ಲಿ ರೂಮ್ ಕರೆಕ್ಷನ್ ಇದ್ದರೆ ಜೊತೆಗೆ ಬಂದಿದ್ದ ಮೂಲ ಮೈಕ್ ಇದೆಯೇ ಎಂದು ಮರೆಯದೆ ವಿಚಾರಿಸಿ. ಬೇರೆ ಮಾದರಿಯ ಮೈಕ್ ಹಾಕಿದರೆ ಅಳತೆಯೇ ತಪ್ಪುತ್ತದೆ.