ಪಟೇಲ್ ಎಂದರೆ ಗುಜರಾತಿನವರೇ?

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: “ನಮ್ಮೂರು ಚನ್ನಗಿರಿ ತಾಲ್ಲೂಕು. ಮಗ ಅಮೆರಿಕದಲ್ಲಿದ್ದಾನೆ. ಹೆಸರಿನ ಕೊನೆಗೆ ಪಟೇಲ್ ಎಂದಿರುವುದನ್ನು ಕಂಡವರು ಗುಜರಾತಿಯಲ್ಲೇ ಮಾತಿಗಿಳಿಯುತ್ತಾರಂತೆ. ನಮ್ಮ ಹಿರಿಯರು ಅಲ್ಲಿಂದ ಬಂದವರೇ? ಇನ್ನೊಂದು, ಮಗಳಿಗೆ ಬಂದ ಒಳ್ಳೆಯ ಸಂಬಂಧವನ್ನು, ಅವರೂ ಪಟೇಲರೇ, ಒಂದೇ ಕುಲವಾದೀತು ಅಂತ ಮನೆಯಲ್ಲಿ ಬೇಡ ಎನ್ನುತ್ತಿದ್ದಾರೆ.” ಜೊತೆಗೆ ಅಜ್ಜನ ಸಹಿಯಿರುವ ಕಂದಾಯ ರಸೀದಿಯ ಜೆರಾಕ್ಸ್ ಇಟ್ಟಿದ್ದಾರೆ.

ನಿಮ್ಮ ಪ್ರಶ್ನೆಗೆ ಉತ್ತರ ಆ ಜೆರಾಕ್ಸಿನಲ್ಲೇ ಇದೆ. ಸಹಿಯನ್ನು ಇನ್ನೊಮ್ಮೆ ನೋಡಿ. ಅಜ್ಜ ‘ಪಟೇಲ್’ ಎಂದು ಬರೆದು, ಆಮೇಲೆ ತಮ್ಮ ಹೆಸರು ಬರೆದಿದ್ದಾರೆ. ಅದು ಅವರ ಹುದ್ದೆ. ಊರಿನ ಕಂದಾಯ ಎತ್ತಿ ಸರ್ಕಾರಕ್ಕೆ ಕಟ್ಟುವವರು ಅವರು, ಲೆಕ್ಕ ಬರೆಯುವವರು ಶಾನುಭೋಗರು. ನಿಮ್ಮ ತಂದೆ ಶಾಲೆಗೆ ಸೇರುವ ಹೊತ್ತಿಗೆ ಹುದ್ದೆ ಹೆಸರಿನ ಹಿಂದಕ್ಕೆ ಸರಿದು ಅಡ್ಡಹೆಸರಾಗಿರಬೇಕು. ಪಾಸ್‌ಪೋರ್ಟು ಅದನ್ನೇ ಖಾಯಂ ಮಾಡಿತು.

ನಮ್ಮ ಸೀಮೆಯಲ್ಲಿ ಹೆಸರಿನ ಕೊನೆಗೆ ಮನೆತನ ಅಂಟಿಸುವ ರೂಢಿ ಕಡಿಮೆ. ಇಲ್ಲಿ ಊರು ಮೊದಲು ಬರುತ್ತದೆ. ಎಸ್. ನಿಜಲಿಂಗಪ್ಪನವರ ‘ಎಸ್’ ಸಿದ್ದವನಹಳ್ಳಿ. ತ.ರಾ.ಸು. ಅವರ ‘ತ’ ಚಳ್ಳಕೆರೆ ತಾಲ್ಲೂಕಿನ ತಳುಕು. ಕೊನೆಗೆ ನಿಂತವು ಬಹುಮಟ್ಟಿಗೆ ಹುದ್ದೆಗಳೇ: ಪಟೇಲ, ನಾಡಿಗ, ತಳವಾರ, ನೀರುಗಂಟಿ.

ಪದದ ಮೂಲ ಹಳೆಯದು. ಮಾಳವದ ಪರಮಾರ ಅರಸರ ತಾಮ್ರಶಾಸನಗಳಲ್ಲಿ ಊರ ಮುಖ್ಯಸ್ಥನನ್ನು ‘ಪಟ್ಟಕಿಲ’ ಎಂದು ಕರೆದಿದೆ. ಅದೇ ಗುಜರಾತಿನಲ್ಲಿ ಪಟೇಲ್, ಮಹಾರಾಷ್ಟ್ರದಲ್ಲೂ ನಮ್ಮ ಉತ್ತರ ಕರ್ನಾಟಕದಲ್ಲೂ ಪಾಟೀಲ. ಕನ್ನಡದ ವೀರಗಲ್ಲುಗಳಲ್ಲಿ ಇದೇ ಹಿರಿತನಕ್ಕೆ ಇರುವ ಮಾತು ‘ಗಾವುಂಡ’, ಇಂದಿನ ಗೌಡ. ಹಾಗಾಗಿ ಗುಜರಾತಿಗೂ ನಿಮಗೂ ಪದದ ನಂಟಿದೆ, ರಕ್ತದ ನಂಟಿಗೆ ಈ ಹೆಸರು ಸಾಕ್ಷಿಯಲ್ಲ. ಕರಿಗನೂರಿನ ಜೆ.ಎಚ್. ಪಟೇಲರು ನಿಮ್ಮ ತಾಲ್ಲೂಕಿನವರೇ ಅಲ್ಲವೇ! ಅವರು ಮುಖ್ಯಮಂತ್ರಿಯಾಗಿದ್ದ 1997ರಲ್ಲೇ ದಾವಣಗೆರೆ ಜಿಲ್ಲೆಯಾದದ್ದು.

ಅಮೆರಿಕದವರ ತಪ್ಪೂ ಇಲ್ಲ. ಅಲ್ಲಿನ 2010ರ ಜನಗಣತಿಯಲ್ಲಿ ಪಟೇಲ್ ಹೆಸರಿನವರು 2,29,973 ಮಂದಿ. ಕುಲನಾಮಗಳ ಸಾಲಿನಲ್ಲಿ 2000ದಲ್ಲಿ 172ನೆಯದಾಗಿದ್ದ ಹೆಸರು 95ಕ್ಕೆ ಏರಿತ್ತು. ಹೆಚ್ಚಿನವರು ಗುಜರಾತಿ ಮೂಲದವರು, ಅವರಲ್ಲಿ ಪಾಟೀದಾರರದೇ ದೊಡ್ಡ ಪಾಲು. ಗುಜರಾತಿನಲ್ಲಿ ಮುಸ್ಲಿಂ ಪಟೇಲರೂ ಇದ್ದಾರೆ. ನಮ್ಮಲ್ಲಿಯೂ ಲಿಂಗಾಯತರು, ಒಕ್ಕಲಿಗರು, ನಾಯಕರು, ಕುರುಬರು, ಯಾರ ಮನೆಗೆ ಹುದ್ದೆ ಬಂತೋ ಅವರು ಪಟೇಲರು.

ಮಗಳ ಮದುವೆಯ ಮಾತಿಗೆ ಬರುತ್ತೇನೆ, ನನಗೆ ಮುಖ್ಯ ಅನ್ನಿಸಿದ್ದು ಅದು. ಸಂಬಂಧಕ್ಕೆ ನಮ್ಮವರು ನೋಡುವುದು ಬೆಡಗನ್ನು, ಅಂದರೆ ತಮ್ಮೊಳಗೇ ಮದುವೆಯಾಗದ ಕುಲದ ಕವಲನ್ನು. ಪಟೇಲ್ ಎಂಬುದು ಬೆಡಗಲ್ಲ. ಪಟೇಲಿಕೆ ವಂಶಪಾರಂಪರ್ಯವಾಗಿ ಸಾಮಾನ್ಯವಾಗಿ ಹಿರಿಮಗನಿಗೆ ಹೋಗುತ್ತಿತ್ತು. ಕಿರಿಯ ತಮ್ಮನ ಮಕ್ಕಳು ಬೇರೆ ಹೆಸರಿನಲ್ಲೇ ಬೆಳೆದರು. ಅಂದರೆ ನಿಮ್ಮದೇ ಬೆಡಗಿನ ದಾಯಾದಿಗಳು ಪಕ್ಕದ ಓಣಿಯಲ್ಲಿ ಪಟೇಲ್ ಎಂಬ ಹೆಸರಿಲ್ಲದೆ ಇರಬಹುದು, ದೂರದೂರಿನ ಪಟೇಲರು ನಿಮಗೆ ಏನೂ ಆಗದಿರಬಹುದು. ಹಿರಿಯರನ್ನು ಕೂರಿಸಿ ಎರಡೂ ಮನೆಯ ಬೆಡಗು ಕೇಳಿ. ಬರೀ ಹೆಸರು ನೋಡಿ ಒಳ್ಳೆಯ ಸಂಬಂಧ ಕೈಬಿಡಬೇಡಿ.

ಇನ್ನೂ ಹಿಂದಕ್ಕೆ ಹೋಗುವ ಆಸೆಯಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಹೋಗಿ. ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ ಹೋಯಿತು, ಪಟೇಲಿಕೆಗೆಂದು ಬಿಟ್ಟಿದ್ದ ಇನಾಮು ಜಮೀನು ಸರ್ಕಾರದ ವಶವಾಗಿ, ಅರ್ಜಿ ಹಾಕಿದವರಿಗೆ ಮರುಮಂಜೂರಾಯಿತು. ನಿಮ್ಮ ಮನೆಗೂ ಅಂಥ ಜಮೀನಿದ್ದರೆ ಆ ‘ರೀಗ್ರಾಂಟ್’ ಕಡತವನ್ನು ಸರ್ವೆ ನಂಬರ್ ಹೇಳಿ ಹುಡುಕಿಸಿ. ಹುದ್ದೆ ಯಾರದಿತ್ತು, ವಾರಸುದಾರರು ಯಾರು ಎಂಬುದು ಅದರಲ್ಲಿ ಸಿಗುವ ಸಂಭವವಿದೆ. ಸಿಕ್ಕರೆ ನಕಲು ತೆಗೆಸಿ, ಅಜ್ಜನ ಸಹಿಯ ರಸೀದಿಯ ಜೊತೆ ಮಗನಿಗೂ ಒಂದು ಪ್ರತಿ ಕಳಿಸಿ.