ಮೂರ್ಖರ ಸ್ವರ್ಗಕ್ಕೆ ಶೇಕ್ಸ್‌ಪಿಯರ್ ಹೊಣೆಯಲ್ಲ

ಪ್ರಶ್ನೆ: ‘ಫೂಲ್ಸ್ ಪ್ಯಾರಡೈಸ್’ (ಮೂರ್ಖರ ಸ್ವರ್ಗ, ಅಂದರೆ ಬುಡವಿಲ್ಲದ ಸುಖದ ಭ್ರಮೆ) ಎಂಬ ನುಡಿಗಟ್ಟು ಶೇಕ್ಸ್‌ಪಿಯರನದು ಎಂದು ನಮ್ಮ ಕೋಚಿಂಗ್ ಕೇಂದ್ರದ ನೋಟ್ಸ್‌ನಲ್ಲಿದೆ. ಗೆಳತಿಯ ಗೈಡ್‌ನಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ ಎಂದಿದೆ. ಯಾವುದು ಸರಿ?

ಉತ್ತರ: ಎರಡೂ ತಪ್ಪು. ಪರೀಕ್ಷೆಗಳು ಹತ್ತಿರವಾದಾಗಲೆಲ್ಲ ಈ ಪ್ರಶ್ನೆ ತಪ್ಪದೆ ಬರುತ್ತದೆ. ತಪ್ಪು ನೋಟ್ಸ್ ಕೈಯಿಂದ ಕೈಗೆ ಜೆರಾಕ್ಸ್ ಆಗುತ್ತಾ ಹೋಗುತ್ತದೆ. ಮೂಲ ಪುಸ್ತಕವನ್ನು ತೆರೆಯುವ ವ್ಯವಧಾನ ಬರೆದವರಿಗೂ ಇಲ್ಲ, ಮಾರುವವರಿಗೂ ಇಲ್ಲ.

‘ರೋಮಿಯೋ ಅಂಡ್ ಜೂಲಿಯಟ್’ ನಾಟಕದ ಎರಡನೆಯ ಅಂಕವನ್ನು ತೆರೆಯಿರಿ. ಜೂಲಿಯಟಳ ದಾದಿ ರೋಮಿಯೋನಿಗೆ ಎಚ್ಚರಿಕೆ ಕೊಡುತ್ತಾಳೆ: ನಮ್ಮ ಹುಡುಗಿ ಇನ್ನೂ ಎಳೆಯಳು, ಅವಳನ್ನು ಮೂರ್ಖರ ಸ್ವರ್ಗಕ್ಕೆ ಕರೆದೊಯ್ದರೆ ಅದು ಹೀನ ಕೆಲಸ. ಇದರ ಜೊತೆಗೇ ‘ಜನ ಹೇಳುವ ಹಾಗೆ’ ಎಂದೂ ಸೇರಿಸುತ್ತಾಳೆ. ಆಗಲೇ ಜನರ ಬಾಯಲ್ಲಿದ್ದ ಮಾತು ಎಂಬುದಕ್ಕೆ ನಾಟಕವೇ ಸಾಕ್ಷಿ. ಆ ನಾಟಕ ಮೊದಲು ಅಚ್ಚಾದದ್ದು 1597ರಲ್ಲಿ. ಇಂಗ್ಲೆಂಡಿನ ನಾರ್ಫಕ್ ಪ್ರಾಂತ್ಯದ ಪಾಸ್ಟನ್ ಮನೆತನದ ಪತ್ರಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ 1462ರ ಒಂದು ಪತ್ರದಲ್ಲಿ ಮೂರ್ಖರ ಸ್ವರ್ಗದಲ್ಲಿ ಇರಲೊಲ್ಲೆ ಎಂಬ ಮಾತಿದೆ. ಶೇಕ್ಸ್‌ಪಿಯರ್ ಹುಟ್ಟುವುದಕ್ಕೆ ಇನ್ನೂ ನೂರೆರಡು ವರ್ಷ ಬಾಕಿಯಿತ್ತು! ಆಸ್ತಿ ವ್ಯಾಜ್ಯ, ಮದುವೆ ಮಾತುಕತೆಗಳಿಂದ ತುಂಬಿದ ಮನೆಮಂದಿಯ ಪತ್ರಗಳವು. ಯಾವ ಕವಿಯ ಹೆಸರನ್ನೂ ಇದಕ್ಕೆ ಅಂಟಿಸಬೇಡಿ.

ಮಿಲ್ಟನ್ ಬಂದದ್ದು ಇನ್ನೂ ತಡವಾಗಿ, 1667ರಲ್ಲಿ. ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯದ ಮೂರನೆಯ ಭಾಗದಲ್ಲಿ ಅವನು ಈ ಸ್ವರ್ಗಕ್ಕೆ ಒಂದು ಜಾಗವನ್ನೇ ಗೊತ್ತುಮಾಡಿದ. ಸೈತಾನ ವಿಶ್ವದ ಹೊರಚಿಪ್ಪಿನ ಮೇಲೆ ಒಬ್ಬನೇ ಅಲೆಯುತ್ತಿರುತ್ತಾನೆ. ಭೂಮಿಯ ಪೊಳ್ಳುಗಳೆಲ್ಲ ಮುಂದೆ ಆವಿಯಂತೆ ಮೇಲೇರಿ ಬಂದು ಸೇರಲಿರುವುದು ಅಲ್ಲಿಗೇ. ದೇವರೆನಿಸಿಕೊಳ್ಳಲು ಎಟ್ನಾ ಜ್ವಾಲಾಮುಖಿಗೆ ಹಾರಿದ ಗ್ರೀಕ್ ತತ್ವಜ್ಞಾನಿ ಎಂಪೆಡಕ್ಲಿಸ್ ಅಲ್ಲಿಗೆ ಬರುವವನು. ಸ್ವರ್ಗದ ಬಾಗಿಲು ಇನ್ನೇನು ಸಿಕ್ಕಿತು ಎಂದು ಕಾಲೆತ್ತಿದವರನ್ನು ಅಡ್ಡಗಾಳಿ ಹೊಡೆದು ಒಯ್ಯುತ್ತದೆ. ಅವರ ನಿಲುವಂಗಿ, ಜಪಮಣಿ, ಪಾಪವಿಮೋಚನೆಯ ಪತ್ರಗಳೆಲ್ಲ ಚಿಂದಿಯಾಗಿ ಹಾರುತ್ತವೆ. ಇಂಥ ಭಾಗವನ್ನು ಓದಿಸದೆ ‘ಉತ್ತರ: ಮಿಲ್ಟನ್’ ಎಂದು ಗುರುತು ಹಾಕಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಪ್ರಶ್ನೆ: ಇದೂ ಗಾಳಿಗೋಪುರವೂ ಒಂದೇ ತಾನೆ?

ಉತ್ತರ: ಅಲ್ಲ. ಗಾಳಿಗೋಪುರ ನಾಳೆಯ ಆಸೆ. ಮೂರ್ಖರ ಸ್ವರ್ಗದಲ್ಲಿರುವವನು ಇಂದೇ ಸುಖಿ, ಆ ಸುಖದ ಬುಡದಲ್ಲಿ ಏನೂ ಇಲ್ಲ. ನಿವೃತ್ತಿಯ ಹಣವನ್ನೆಲ್ಲ ತಿಂಗಳಿಗೆ ಹತ್ತು ಪರ್ಸೆಂಟ್ ಬಡ್ಡಿ ಕೊಡುವವನ ಕೈಗಿತ್ತು, ಮೊದಲ ಮೂರು ಕಂತು ಬಂದೊಡನೆ ಊರಿಗೆಲ್ಲ ಸಿಹಿ ಹಂಚುವವನ ಸ್ಥಿತಿ ಅದು. ಭವಿಷ್ಯದ ಬಗ್ಗೆ ಆಸೆಯಿಟ್ಟು ದುಡಿಯುವವರ ಮೇಲೆ ಈ ಮಾತನ್ನು ಎಸೆಯಬೇಡಿ. ಅರ್ಥವೂ ತಪ್ಪು, ಮನಸ್ಸಿಗೂ ನೋವು.

ಪ್ರಶ್ನೆ: ‘ಕ್ಲೌಡ್ ನೈನ್’ ಕೂಡ ಭ್ರಮೆಯ ಸುಖವೇ?

ಉತ್ತರ: ಅಲ್ಲ, ಅದು ನಿಜವಾಗಿ ಹಿಗ್ಗುವವರ ಮಾತು.

ಪ್ರಶ್ನೆ: ‘ಕ್ಲೌಡ್ ಕುಕೂ ಲ್ಯಾಂಡ್’?

ಉತ್ತರ: ಗ್ರೀಕ್ ನಾಟಕಕಾರ ಅರಿಸ್ಟೊಫೆನಿಸ್ ಕ್ರಿ.ಪೂ. 414ರ ‘ಪಕ್ಷಿಗಳು’ ನಾಟಕದಲ್ಲಿ ಹಕ್ಕಿಗಳಿಗಾಗಿ ಆಕಾಶದಲ್ಲಿ ಕಟ್ಟಿಸಿದ ಊರು. ನನಸಾಗದ ಕಲ್ಪನೆಗಳ ಲೋಕ ಎಂದು ಅರ್ಥ, ಅದರ ದಾರಿಯೇ ಬೇರೆ.

ಪ್ರಶ್ನೆ: ಒಬ್ಬ ರಾಜ ಮೂರ್ಖರಿಗೆಂದೇ ಅರಮನೆ ಕಟ್ಟಿಸಿದ್ದನಂತೆ, ಮೊಬೈಲಿನಲ್ಲಿ ಬಂತು. ನಿಜವೇ?

ಉತ್ತರ: ರಾಜನ ಹೆಸರಿಲ್ಲ, ಊರಿಲ್ಲ, ವರ್ಷವಿಲ್ಲ. ಅಳಿಸಿಹಾಕಿ, ಇನ್ನೊಬ್ಬರಿಗೆ ಕಳುಹಿಸಬೇಡಿ.